ದೇವೀರಮ್ಮನ ಕೊಳಕ್ಕೆ ಕೂರಿಸಿದ ಫಿಲ್ಟರ್

ನಮ್ಮೂರಲ್ಲಿ ಈಜುಕೊಳಕ್ಕೆ ಫಿಲ್ಟರ್ ಕೂರಿಸುವವನಿಗೆ ಇರಬೇಕಾದ ಮೊದಲ ಗುಣ ಬಾಯಿ ಮುಚ್ಚಿಕೊಂಡಿರುವುದು. ಅದೊಂದು ಬಿಟ್ಟು ಮಿಕ್ಕ ಎಲ್ಲ ಗುಣಗಳೂ ನನ್ನಲ್ಲಿವೆ ಎಂದು ನನ್ನ ಹೆಂಡತಿ ಹೇಳುತ್ತಾಳೆ. ನಮ್ಮೂರಿನ ನೀರು ತನ್ನ ಪಕ್ಕದಲ್ಲಿ ಆಡಿದ ಮಾತನ್ನು ಇಟ್ಟುಕೊಳ್ಳುತ್ತದೆ. ಹರಿಯುವ ನೀರಲ್ಲ, ನಿಂತ ನೀರು. ಬಾವಿಯಾಗಲಿ ತೊಟ್ಟಿಯಾಗಲಿ, ಕಿವಿಯನ್ನು ನೀರಿನೊಳಗೆ ಅದ್ದಿದರೆ ಅದರ ದಂಡೆಯಲ್ಲಿ ಯಾರು ಯಾರು ಏನೇನು ಅಂದಿದ್ದರೋ ಎಲ್ಲವೂ ಕೇಳುತ್ತದೆ. ಹಾಗಾಗಿ ನಮ್ಮಲ್ಲಿ ಗಂಡಹೆಂಡಿರು ಜಗಳ ಶುರು ಮಾಡುವ ಮುಂಚೆ ಇಬ್ಬರಲ್ಲೊಬ್ಬರು ಹೋಗಿ ಬಾವಿಗೆ ಮುಚ್ಚಳ ಹಾಕಿ ಬರುತ್ತಾರೆ. ಹೆಣ್ಣು ನೋಡಲು ಬಂದವರು ಉಪ್ಪಿಟ್ಟು ತಿಂದು, ಕೈ ತೊಳೆಯುವ ನೆಪದಲ್ಲಿ ಹಿತ್ತಲಿಗೆ ಹೋಗಿ, ಬಕೆಟ್ಟಿಗೆ ಕಿವಿ ಕೊಟ್ಟು, ಹುಡುಗಿಯ ತಾಯಿ ಎಂಥವಳೆಂದು ತಿಳಿದುಕೊಂಡ ಮೇಲೆಯೇ ಜಾತಕ ಕೇಳುತ್ತಾರೆ. ಕುಡಿಯುವ ನೀರನ್ನಂತೂ ಕುದಿಸಲೇಬೇಕು. ಕುದಿಸದೆ ಕುಡಿದವನ ಹೊಟ್ಟೆಯಲ್ಲಿ ಪಕ್ಕದ ಮನೆಯವರ ಜಗಳ ಎರಡು ದಿನ ಗುಡುಗುಡು ಅನ್ನುತ್ತಿರುತ್ತದೆ.

ಇಂಥ ಊರಿನಲ್ಲಿ ಫಿಲ್ಟರ್ ಆರಿಸುವುದು ಹುಡುಗಾಟದ ಮಾತಲ್ಲ. ನನ್ನ ಹತ್ತಿರ ಮೂರು ಬಗೆಯವು ಇವೆ. ಒಂದು ಮರಳಿನದು, ಹೊಟ್ಟೆ ಉಬ್ಬಿದ ಡ್ರಮ್ಮಿನೊಳಗೆ ಮರಳು ತುಂಬಿರುತ್ತದೆ. ಅದು ಪಾಚಿಯ ಜೊತೆಗೆ ಕೂಗಾಟ ಕಿರುಚಾಟಗಳನ್ನು ಹಿಡಿದುಕೊಂಡು, ಮೆಲ್ಲಗೆ ಆಡಿದ ಮಾತುಗಳನ್ನು ಮಾತ್ರ ಬಿಡುತ್ತದೆ. ಇನ್ನೊಂದು ನೆರಿಗೆ ಹಿಡಿದ ಬಟ್ಟೆಯದು. ಅದರಲ್ಲಿ ಸೋಸಿದರೆ ಮಾತು ಹೋಗಿ ಅದರ ಧಾಟಿ ಉಳಿಯುತ್ತದೆ, ಯಾರೋ ಏನೋ ಗುನುಗಿದ ಹಾಗೆ. ಮೂರನೆಯದು ಬಿಳಿ ಪುಡಿಯದು. ಒಳಗಿನ ಜಾಲರಿಗೆ ಹಿಟ್ಟಿನಷ್ಟು ನುಣ್ಣಗಿನ ಬಿಳಿಮಣ್ಣು ಮೆತ್ತಿಕೊಂಡಿರುತ್ತದೆ. ಅದರಿಂದ ಹೊರಬಂದ ನೀರು ಮೂಕ. ಊರಿನ ವಕೀಲರೆಲ್ಲ ಬಿಳಿ ಪುಡಿಯ ಗಿರಾಕಿಗಳು. ಆಸ್ತಿ ಪಾಲಾದ ಅಣ್ಣತಮ್ಮಂದಿರೂ ಅಷ್ಟೆ. ಯಾರ ಮನೆಗೆ ಯಾವುದು ಬೇಕೆಂದು ಅವರ ಹೊಸ್ತಿಲು ದಾಟುವ ಹೊತ್ತಿಗೇ ಹೇಳಬಲ್ಲೆ ಎಂದು ನಾನು ಜಂಬ ಕೊಚ್ಚಿಕೊಳ್ಳುತ್ತಿದ್ದೆ. ಆ ಜಂಬ ಇಳಿಸಿದವರು ದೇವೀರಮ್ಮ.

ದೇವೀರಮ್ಮ ಶಾಲೆಯ ಮಕ್ಕಳಿಗೆ ಸಮವಸ್ತ್ರ ಹೊಲಿಯುತ್ತಿದ್ದವರು. ನಮ್ಮೂರಲ್ಲಿ ಅವರು ಹೊಲಿದ ನಿಕ್ಕರು ಹಾಕದೆ ದೊಡ್ಡವರಾದವರು ಕಡಿಮೆ. ಅವರ ಯಜಮಾನರು ಮಾದಯ್ಯ, ನಮಗೆಲ್ಲ ಮಾದಣ್ಣ. ಬಸ್‌ಸ್ಟ್ಯಾಂಡಿನಲ್ಲಿ ಯಾವ ಬಸ್ಸು ಎಲ್ಲಿಗೆ ಹೊರಡುತ್ತದೆಂದು ಕೂಗುವ ಕೆಲಸ ಅವರದು. ಮೂವತ್ತು ವರ್ಷ ಕೂಗಿದರು, ಒಂದು ದಿನವೂ ಮೈಕು ಮುಟ್ಟಲಿಲ್ಲ. ಅವರು ಕೂಗಿದರೆ ಹೋಟೆಲಿನಲ್ಲಿ ದೋಸೆ ತಿನ್ನುತ್ತಿದ್ದವನು ಅರ್ಧ ದೋಸೆ ಬಿಟ್ಟು ಓಡಿಬರುತ್ತಿದ್ದ, ಆಮೇಲೆ ಅದು ತನ್ನ ಬಸ್ಸಲ್ಲವೆಂದು ಗೊತ್ತಾಗಿ ಬೈದುಕೊಂಡು ವಾಪಸು ಹೋಗುತ್ತಿದ್ದ. ಬೆಳಿಗ್ಗೆ ಎದ್ದ ಕೂಡಲೆ ಮನೆಯ ಬಾವಿಕಟ್ಟೆಯ ಮೇಲೆ ಕೂತು ಹಲ್ಲುಪುಡಿ ಹಾಕಿಕೊಂಡು ಹಲ್ಲುಜ್ಜುತ್ತ, ಗಂಟಲು ಸರಿಮಾಡಿಕೊಳ್ಳುವುದಕ್ಕೆಂದು ಅವತ್ತಿನ ಬಸ್ಸುಗಳನ್ನೆಲ್ಲ ಒಂದು ಸಲ ಕೂಗಿ ಮುಗಿಸುವುದು ಅವರ ಪದ್ಧತಿ. ಅದು ಮುಗಿದ ಮೇಲೆ ದನಿ ತಗ್ಗಿಸಿ, ಅಡುಗೆಮನೆಯ ಕಿಟಕಿಯ ಕಡೆ ತಿರುಗಿ, "ಬಿರ್ರನೆ ಬಾರಮ್ಮಿ, ಬಸ್ಸು ಹೊಂಟೋಯ್ತದೆ" ಅನ್ನುತ್ತಿದ್ದರು. ಬೇಗ ಕಾಫಿ ತಾ ಎಂದು ಅದರ ಅರ್ಥ. ದೇವೀರಮ್ಮ ಒಂದು ದಿನವೂ ಅವಸರ ಮಾಡಿದವರಲ್ಲ. ಲೋಟ ಹಿಡಿದು ಬಾವಿಯವರೆಗೆ ನಡೆದು ಬಂದು, "ಹೋಗ್ಲಿ ಬುಡಿ, ಇನ್ನೊಂದು ಬತ್ತದೆ" ಅಂದು ಕೊಟ್ಟು ಹೋಗುತ್ತಿದ್ದರು. ಮೂವತ್ತು ವರ್ಷ ಇದೇ ಮಾತು, ಇದೇ ಉತ್ತರ.

ಹೋದ ವರ್ಷ ಮಾದಣ್ಣನಿಗೆ ಲಕ್ವ ಹೊಡೆಯಿತು. ಬಲಗೈ ಬಲಗಾಲು ಸ್ವಾಧೀನ ತಪ್ಪಿದವು, ಮಾತು ನಿಂತುಹೋಯಿತು. ಊರಿಗೆ ಊರೇ ಅವರನ್ನು ನೋಡಲು ಬಂದು, ಏನು ಮಾತಾಡಬೇಕೆಂದು ತಿಳಿಯದೆ ಬಾಳೆಹಣ್ಣು ಇಟ್ಟು ಹೋಯಿತು. ಡಾಕ್ಟರು, "ನೀರಿಗಿಳಿಸಿ ಕೈಕಾಲು ಆಡಿಸಿ, ನೀರು ಮೈಭಾರ ಹೊರುತ್ತದೆ. ಮಾತೂ ಬರಬಹುದು, ಆದರೆ ಅದು ನಾವು ಆಡಿಸಿದರೆ ಬರೋದಲ್ಲ. ಅವರೇ ಬಾಯಿ ಬಿಡಬೇಕು" ಎಂದರು. ದೇವೀರಮ್ಮ ಅಳುತ್ತ ಕೂರಲಿಲ್ಲ. ಬಟ್ಟೆ ಒಣಹಾಕುತ್ತಿದ್ದ ಹಿತ್ತಲಿನಲ್ಲಿ ಕೊಳ ತೋಡಿಸಲು ನಿಂತರು. ಅವರೇ ಟೇಪು ಹಿಡಿದು ಗಂಡನ ಎದೆಯ ಎತ್ತರ ಅಳೆದು ಅಷ್ಟೇ ಆಳ ಮಾಡಿಸಿದರು. ಮಾದಣ್ಣನ ಬಲಗಾಲು ಎಷ್ಟು ಮೇಲೇಳುತ್ತದೆಂದು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಗೀಟು ಹಾಕಿ, ಮೆಟ್ಟಿಲುಗಳನ್ನು ಆ ಗೀಟಿಗಿಂತ ಒಂದು ಬೆರಳು ತಗ್ಗಿಸಿ ಕಟ್ಟಿಸಿದರು. ಎಡಗೈಗೆ ಸಿಗುವಂತೆ ಒಂದೇ ಕಡೆ ಕಂಬಿ. ನಾನು ದೊಡ್ಡ ದೊಡ್ಡ ಬಂಗಲೆಗಳ ಕೊಳ ನೋಡಿದ್ದೇನೆ, ನೀರಿನ ಕೆಳಗೆ ದೀಪ ಹಾಕಿಸಿಕೊಂಡವರನ್ನು ನೋಡಿದ್ದೇನೆ. ಒಬ್ಬ ಮನುಷ್ಯನ ಮೈಗೆ ಅಂಗಿ ಹೊಲಿದಷ್ಟು ಸರಿಯಾಗಿ ಕೂತ ಕೊಳವನ್ನು ನೋಡಿದ್ದು ಅದೊಂದೇ.

ಆ ಕೊಳಕ್ಕೆ ಅವರು ತಮ್ಮ ಮನೆಯ ಬಾವಿಯ ನೀರನ್ನೇ ತುಂಬಿಸಿದರು. ತಳ ಕಾಣುವವರೆಗೆ ಬಾವಿ ಬರಿದು ಮಾಡಿದರು. ಮೂವತ್ತು ವರ್ಷ ಮಾದಣ್ಣ ಕೂತು ಮಾತಾಡಿದ ನೀರು ಅದು. ಬಾವಿಯಲ್ಲಿ ಆಮೇಲೆ ಊರಿ ಬಂದದ್ದು ಹೊಸ ನೀರು, ಅದರಲ್ಲಿ ಏನೂ ಇಲ್ಲ. ಮಾದಣ್ಣನ ದನಿ ಈಗ ಇದ್ದುದು ಆ ಕೊಳದಲ್ಲಿ ಮಾತ್ರ, ಜೊತೆಗೆ ದೇವೀರಮ್ಮ ತಮಗೆಂದು ತುಂಬಿ ದೇವರ ಗೂಡಿನ ಕೆಳಗಿಟ್ಟುಕೊಂಡ ಒಂದು ಹಿತ್ತಾಳೆ ಬಿಂದಿಗೆಯಲ್ಲಿ. ಕೊಳ ತುಂಬಿದ ದಿನ ದೇವೀರಮ್ಮ ಸೀರೆ ಎತ್ತಿ ಸಿಕ್ಕಿಸಿಕೊಂಡು ಮೊದಲು ತಾವೇ ಇಳಿದು, ನೀರಿಗೆ ಕಿವಿ ಕೊಟ್ಟು, ಎಷ್ಟೋ ಹೊತ್ತು ಮೇಲಕ್ಕೇ ಬರಲಿಲ್ಲವಂತೆ. ಗಾಬರಿಯಾಗಿ ಅಕ್ಕಪಕ್ಕದವರು ಬಂದು ನೋಡಿದರೆ, ನೀರಿನ ಮೇಲೆ ಮೂಗು ಮಾತ್ರ ಇಟ್ಟುಕೊಂಡು ನಗುತ್ತಿದ್ದರಂತೆ.

ಹತ್ತು ದಿನಕ್ಕೆ ನೀರು ಹಸಿರಾಯಿತು. ಮಾದಣ್ಣನ ಕಾಲಿನ ಮೇಲೆ ತುರಿಕೆಯ ಗುಳ್ಳೆಗಳೆದ್ದವು. ನನಗೆ ಹೇಳಿಕಳಿಸಿದರು. ಹೋದೆ. ಮಾದಣ್ಣ ಹಿಂಬದಿಯ ಜಗಲಿಯಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತಿದ್ದರು. ನನ್ನನ್ನು ನೋಡಿ, "ಆಂ... ಊಂ" ಎಂದು ಏನೋ ಅಂದರು. ಮೊದಲಿದ್ದ ಆ ದನಿಯನ್ನು ನೆನೆದು, ಸಾಮಾನು ತೆಗೆಯುವ ನೆಪದಲ್ಲಿ ತಲೆ ತಗ್ಗಿಸಿದೆ.

"ನೋಡಪ್ಪಾ ಲಿಂಗರಾಜು," ಎಂದರು ದೇವೀರಮ್ಮ. "ಪಾಚಿ ಹೋಗ್ಬೇಕು, ಅವರ ಮಾತು ಹೋಗ್ಬಾರ್ದು. ಅಂಥದ್ದು ನಿನ್ ತಾವ ಅದಾ?"

"ಅದೆ ಕಣಕ್ಕ. ನೀವೇ ಕಿವಿ ಇಟ್ಟು ಕೇಳಿ ಆರಿಸ್ಕಳಿ" ಎಂದೆ.

ಕೊಳದಿಂದ ಮೂರು ಬಕೆಟ್ ನೀರು ತೆಗೆದು, ನನ್ನ ಮೂರು ಬಗೆಯಲ್ಲೂ ಒಂದೊಂದನ್ನು ಸೋಸಿ, ಸಾಲಾಗಿ ಇಟ್ಟೆ. ನಮ್ಮ ಕಸುಬಿನ ಪದ್ಧತಿಯೇ ಹಾಗೆ, ಗಿರಾಕಿ ಕೇಳಿ ನೋಡದೆ ನಾವು ಪೈಪಿಗೆ ಕೈ ಹಾಕುವುದಿಲ್ಲ. ದೇವೀರಮ್ಮ ಒಂದು ಕಿವಿಯ ಓಲೆ ಬಿಚ್ಚಿ ಸೆರಗಿನ ತುದಿಗೆ ಕಟ್ಟಿಕೊಂಡು ಮೊಣಕಾಲೂರಿ ಕೂತರು. ಮರಳಿನ ಬಕೆಟ್ಟಿಗೆ ಕಿವಿ ಅದ್ದಿದವರು ಹಾಗೇ ಕಣ್ಣು ಮುಚ್ಚಿಕೊಂಡು ಕೂತರು. ಬಟ್ಟೆಯದನ್ನು ಕೇಳಿ, "ಇದರಲ್ಲಿ ಅವರು ಯಾವುದೋ ಗ್ಯಾನದಲ್ಲಿ ಗುನುಗ್ತಾ ಇದ್ದಂಗದೆ" ಎಂದರು. ಬಿಳಿ ಪುಡಿಯದಕ್ಕೆ ಕಿವಿ ಇಟ್ಟವರು ಇಟ್ಟ ಹಾಗೇ ತೆಗೆದರು. "ಇದನ್ನ ಅತ್ಲಾಗಿ ಎತ್ತಿಡಪ್ಪ. ಸತ್ತೋರ ಮನೆ ಇದ್ದಂಗದೆ."

ಮಾದಣ್ಣನನ್ನು ನಾವಿಬ್ಬರೂ ಕೇಳಲಿಲ್ಲ. ಈಗ ಅದನ್ನು ನೆನೆದರೆ ನಾಚಿಕೆಯಾಗುತ್ತದೆ. ನಾನು ಬಿಳಿ ಪುಡಿಯ ಬಕೆಟ್ಟನ್ನು ಎತ್ತಿ ಪಕ್ಕಕ್ಕಿಡುವಾಗ ಅವರು ಎಡಗೈ ಚಾಚಿ ಅದರ ಕಡೆಗೇ ತೋರಿಸಿದರು. ಪಾಪ, ಬಾಯಾರಿಕೆಯಾಗಿದೆ ಎಂದುಕೊಂಡು ದೇವೀರಮ್ಮ ಒಳಗಿನಿಂದ ಕಾದಾರಿದ ನೀರು ತಂದು ಕುಡಿಸಿದರು. ಅವರು ಕುಡಿದು ಸುಮ್ಮನಾದರು.

ಮರಳಿನ ಫಿಲ್ಟರ್ ಕೂರಿಸಿದೆ. ಮೂರು ದಿನಕ್ಕೆ ನೀರು ತಿಳಿಯಾಗಿ, ಕೊಳದ ತಳದಲ್ಲಿ ಬಿದ್ದ ಗುಂಡುಸೂಜಿ ಕಾಣುವಂತಾಯಿತು. ಮರಳಿಗೆ ಸಿಕ್ಕಿಕೊಂಡಿದ್ದನ್ನು ತೊಳೆಯಲು ನೀರನ್ನು ಉಲ್ಟಾ ಹಾಯಿಸಿ ಮೋರಿಗೆ ಬಿಟ್ಟೆ. ಮೂವತ್ತು ವರ್ಷದ ಬಸ್ಸುಗಳೆಲ್ಲ ಹರಿದು ಹೋಗಿ ಮೋರಿಯ ಕೊನೆಯ ಹೊಂಡ ಸೇರಿರಬೇಕು. ಅಲ್ಲಿ ಕಿವಿ ಮುಳುಗಿಸಿಕೊಂಡು ಮಲಗಿದ್ದ ಎಮ್ಮೆ ದಡಕ್ಕನೆ ಎದ್ದು ನಿಂತು ಬಸ್‌ಸ್ಟ್ಯಾಂಡಿನ ದಿಕ್ಕಿಗೆ ಹೊರಟಿತು. ಕೂಗೆಲ್ಲ ಹೋಗಿ ಕೊಳದಲ್ಲಿ ಉಳಿದದ್ದು ದನಿ ತಗ್ಗಿಸಿ ಆಡಿದ ಮಾತುಗಳು. ಅಂದರೆ ಮಾದಣ್ಣ ಹೆಂಡತಿಗೆ ಮಾತ್ರ ಹೇಳಿದ್ದು. ಬಿರ್ರನೆ ಬಾರಮ್ಮಿ, ಬಸ್ಸು ಹೊಂಟೋಯ್ತದೆ. ಹೋಗ್ಲಿ ಬುಡಿ, ಇನ್ನೊಂದು ಬತ್ತದೆ. ಕೆಲಸ ನೋಡಲೆಂದು ನಾನೂ ಕಿವಿ ಇಟ್ಟಿದ್ದೆ. ಕೇಳಿ, ಬೇರೆಯವರ ಮನೆಯ ಒಳಕೋಣೆಗೆ ಕಾಲಿಟ್ಟವನ ಹಾಗೆ ಹಿಂದಕ್ಕೆ ಸರಿದೆ. ಇಷ್ಟು ಒಳ್ಳೆಯ ಕೆಲಸವನ್ನು ನಾನು ಎಲ್ಲೂ ಮಾಡಿರಲಿಲ್ಲ ಎಂದುಕೊಂಡೆ.

ಅವತ್ತಿನಿಂದ ದಿನಾ ಬೆಳಿಗ್ಗೆ ನಾನು ಅಲ್ಲಿಗೆ ಹೋಗುತ್ತಿದ್ದೆ. ಮಾದಣ್ಣನನ್ನು ಮೆಟ್ಟಿಲಿಳಿಸಲು ಇನ್ನೊಂದು ಜೊತೆ ಕೈ ಬೇಕಿತ್ತು. ನೀರಿನಲ್ಲಿ ಅಂಗಾತ ಮಲಗಿಸಿ, ತಲೆಯ ಕೆಳಗೆ ಒಂದು ಕೈ ಕೊಟ್ಟು, ಇನ್ನೊಂದು ಕೈಯಿಂದ ದೇವೀರಮ್ಮ ಅವರ ಬಲಗಾಲನ್ನು ಮಡಿಸಿ ಬಿಡಿಸಿ ಮಡಿಸಿ ಬಿಡಿಸಿ ಮಾಡುತ್ತಿದ್ದರು. ಒಂದು ತಿಂಗಳಿಗೆ ಕಾಲಿಗೆ ಜೀವ ಬಂತು. ಬಲಗೈಯ ಎರಡು ಬೆರಳು ಕಂಬಿ ಹಿಡಿಯಲು ಕಲಿತವು. ಸಿಕ್ಕಿದವರಿಗೆಲ್ಲ ನಾನು ನನ್ನ ಫಿಲ್ಟರಿನ ಮಹಿಮೆ ಹೇಳಿಕೊಂಡು ತಿರುಗಿದೆ. ಮಾತು ಮಾತ್ರ ಬರಲಿಲ್ಲ. ಬರಲಿಲ್ಲ ಅಷ್ಟೇ ಅಲ್ಲ, ಮೊದಲು ಆಂ ಊಂ ಅನ್ನುತ್ತಿದ್ದದ್ದೂ ನಿಂತಿತು. ಈಗ ಕಾಫಿ ಬೇಕಾದರೆ ಲೋಟ ತೋರಿಸುತ್ತಿದ್ದರು, ಬೇಡವಾದರೆ ಕಣ್ಣು ಮುಚ್ಚುತ್ತಿದ್ದರು. ದಣಿವಿರಬೇಕು ಎಂದು ನಾನು ಅಂದೆ.

ಆಮೇಲೆ ಒಂದು ಬೆಳಿಗ್ಗೆ ಅದು ನಡೆಯಿತು. ದೇವೀರಮ್ಮ ಗಂಡನ ತಲೆ ಹಿಡಿದುಕೊಂಡು ತಾವೂ ಕುತ್ತಿಗೆಯವರೆಗೆ ಇಳಿದು, ಒಂದು ಕಿವಿಯನ್ನು ನೀರಿಗೆ ಕೊಟ್ಟಿದ್ದರು. ಮಾದಣ್ಣನ ಎರಡು ಕಿವಿಯೂ ನೀರಿನೊಳಗೆ. ಇಬ್ಬರಿಗೂ ಆ ಮಾತು ಒಟ್ಟಿಗೇ ಕೇಳಿಸಿರಬೇಕು. ದೇವೀರಮ್ಮ ಕಣ್ಣು ಮುಚ್ಚಿಕೊಂಡು ನಕ್ಕರು, ಮದುವೆಯಾದ ಹೊಸದರಲ್ಲಿ ನಕ್ಕಿದ್ದಿರಬಹುದಾದ ನಗು. ಮಾದಣ್ಣ ಕೆಳಗಿನಿಂದ ಆ ಮುಖವನ್ನೇ ನೋಡುತ್ತಿದ್ದರು. ಅವರ ತುಟಿ ಸೇರಿತು, ಏನೋ ಅನ್ನಲು ಹೊರಟ ಹಾಗೆ ಒಮ್ಮೆ ಅದುರಿತು. ಆಮೇಲೆ ಗಟ್ಟಿಯಾಗಿ ಬಿಗಿದುಕೊಂಡು ಅವರು ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡರು. ಅದೇ ಹೊತ್ತಿಗೆ ದೇವೀರಮ್ಮ ಕಣ್ಣು ಬಿಟ್ಟರು. ಬಿಟ್ಟವರು ಗಂಡನ ಬಿಗಿದ ತುಟಿ ನೋಡಿದರು. ಅವರ ನಗು ಹಾಗೇ ನಿಂತುಹೋದದ್ದನ್ನು ನಾನು ಕಣ್ಣಾರೆ ಕಂಡೆ.

ಮಾದಣ್ಣನನ್ನು ಒರೆಸಿ, ಬಟ್ಟೆ ಹಾಕಿ, ಒಳಗೆ ಮಲಗಿಸಿ ಬಂದ ಮೇಲೆ ದೇವೀರಮ್ಮ ಪಂಪಿನ ಪಕ್ಕ ಕುಕ್ಕರುಗಾಲಿನಲ್ಲಿ ಕೂತರು. "ಲಿಂಗರಾಜು, ಆ ಬಿಳಿ ಪುಡೀದು ಇನ್ನೂ ನಿನ್ ತಾವ ಅದಾ?"

ನನಗೆ ಅರ್ಥವಾಗಲಿಲ್ಲ. "ಯಾಕಕ್ಕ? ಅದು ಹಾಕಿದ್ರೆ ಎಲ್ಲಾ ಹೋಯ್ತದೆ. ಒಂದು ಸೊಲ್ಲೂ ಉಳಿಯಾಕಿಲ್ಲ."

"ಹೋಗ್ಬೇಕು ಅಂತ್ಲೇ ಕೇಳ್ತಿರೋದು." ಅವರು ಒದ್ದೆ ಸೆರಗನ್ನು ಹಿಂಡುತ್ತ ಹಿಂಡುತ್ತ ಮಾತಾಡಿದರು. "ನೀರಲ್ಲಿರೋ ಮಾದಯ್ಯ ಅಷ್ಟ್ ಚೆಂದಾಗಿ ಮಾತಾಡ್ತಾ ಅವ್ನೆ. ಅದನ್ನ ಕೇಳಿ ನಾನು ನಗ್ತೀನಿ. ಇವರು ಅದನ್ನ ನೋಡ್ತಾ ಮಲಗಿರ್ತಾರೆ. ಇನ್ನ ಇವರು ಯಾವ ಧೈರ್ಯದ ಮೇಲೆ ಬಾಯಿ ತೆಗೀತಾರೆ, ನೀನೇ ಹೇಳು. ಅವತ್ತು ಆ ಬಕೆಟ್ ತೋರ್ಸುದ್ರಲ್ಲ, ನಾನು ನೀರು ಕುಡಿಸ್ಬುಟ್ಟೆ! ಮೂವತ್ತು ವರ್ಸ ಸಂಸಾರ ಮಾಡಿ ಅಷ್ಟು ತಿಳೀಲಿಲ್ವಲ್ಲಪ್ಪ ನಂಗೆ."

ನನಗೆ ಅಳು ಒತ್ತರಿಸಿ ಬಂತು, ಅದನ್ನು ಮುಚ್ಚಿಕೊಳ್ಳಲು ಕಸುಬಿನ ಮಾತಿಗಿಳಿದೆ. ಫಿಲ್ಟರ್ ಯಾಕೆ ಬದಲಾಯಿಸಬೇಕು, ಈ ನೀರು ಚೆಲ್ಲಿ ಬಾವಿಯ ಹೊಸ ನೀರು ತುಂಬಿದರಾಯಿತು ಎಂದೆ. ಬಿಳಿ ಪುಡಿಯದು ದಿನಾ ತೊಳೆಯಬೇಕು, ದಿನಾ ಹೊಸ ಪುಡಿ ಮೆತ್ತಬೇಕು, ಈ ವಯಸ್ಸಿನಲ್ಲಿ ಇದೆಲ್ಲಿಯ ಪಾಡು ಎಂದೂ ಅಂದೆ.

"ಹೊಸ ನೀರೂ ನಾಳಿಂದ ಕೇಳಿಸ್ಕೊಳಕ್ ಶುರು ಮಾಡ್ತದಲ್ಲ," ಎಂದರು. "ಇವರಿಗೆ ಮಾತು ಬಂದ್ರೆ ಮೊದ್ಲು ತೊದಲೇ ಬರೋದು. ಇವತ್ತು ತೊದಲಿದ್ದು ನಾಳೆ ಇವರ ಕಿವಿಗೇ ಬಿದ್ರೆ? ಮತ್ತೆ ಬಾಯಿ ಮುಚ್ಕೋತಾರೆ. ದಿನಾ ನೀರು ಖಾಲಿ ಸ್ಲೇಟಿನಂಗೆ ಇರ್ಬೇಕು. ಪುಡಿ ನಾನು ಮೆತ್ತುತೀನಿ ಬುಡು, ಇಷ್ಟು ವರ್ಸ ಕಾಲರಿಗೆ ಗಂಜಿ ಹಾಕಿಲ್ವಾ."

ನಾನು ಊರಿನಲ್ಲೇ ಫಿಲ್ಟರ್ ಬಲ್ಲವನು ಅಂತ ಮೆರೆದವನು. ನನ್ನ ಇಪ್ಪತ್ತು ವರ್ಷದ ಕಸುಬಿನಲ್ಲಿ ಬಿಳಿ ಪುಡಿ ಬೇಕೆಂದು ಕೇಳಿದವರೆಲ್ಲ ತಾವು ಆಡಿದ್ದನ್ನು ಬಚ್ಚಿಡಲು ಕೇಳಿದವರು. ಒಬ್ಬರು ಬಾಯಿ ಬಿಡಲೆಂದು ಇನ್ನೊಬ್ಬರು ಅದನ್ನು ಕೇಳಬಹುದೆಂದು ನನ್ನ ತಲೆಗೆ ಹೊಳೆದಿರಲಿಲ್ಲ.

ಮಾರನೆಯ ದಿನ ಡ್ರಮ್ಮು ಬಿಚ್ಚಿ ಹೊಸದನ್ನು ಕೂರಿಸಿದೆ. ಬೇಕೆಂದೇ ನಿಧಾನ ಮಾಡಿದೆ, ವಾಲ್ವಿಗೆ ಎರಡೆರಡು ಸಲ ನೂಲು ಸುತ್ತಿದೆ, ಅಷ್ಟರಲ್ಲಿ ಅವರ ಮನಸ್ಸು ಬದಲಾದರೆ ಆಗಲಿ ಎಂದು. ಪಂಪು ಹಾಕುವ ಮುಂಚೆ, "ಅಕ್ಕ, ಒಳಗೆ ಬಿಂದಿಗೆಯಾದ್ರೂ ಅದಲ್ಲ, ಅಷ್ಟು ಸಾಕು ಬುಡಿ" ಎಂದೆ. ಅವರು ನನ್ನ ಮುಖ ನೋಡಿ ಎದ್ದು ಒಳಗೆ ಹೋದರು. ಬರುವಾಗ ಬಿಂದಿಗೆ ಸೊಂಟದ ಮೇಲಿತ್ತು.

"ಇದಿದ್ರೆ ನಾನು ದಿನಾ ಕಿವಿ ಕೊಡಾಕೆ ಅಲ್ಲಿಗ್ ಹೋಗ್ತೀನಿ ಕಣಪ್ಪ. ಹೋಗಿ ಬಂದಿದ್ದು ನನ್ ಮುಖದಲ್ಲಿ ಕಾಣ್ತದೆ. ಅವರಿಗೆ ನನ್ ಮುಖ ಓದಕ್ ಬತ್ತದೆ."

ಬಿಂದಿಗೆಯನ್ನು ದಂಡೆಯ ಮೇಲಿಟ್ಟು, ಬಗ್ಗಿ, ಕೊನೆಯ ಸಲವೆಂಬಂತೆ ಅದರ ಬಾಯಿಯ ಮೇಲೆ ಕೈ ಆಡಿಸಿದರು. ಕಿವಿ ಕೊಡಲಿಲ್ಲ. ಕೊಟ್ಟಿದ್ದರೆ ಚೆಲ್ಲಲು ಆಗುತ್ತಿರಲಿಲ್ಲವೇನೋ. ಕೊಳಕ್ಕೆ ಸುರಿದು, ಖಾಲಿ ಬಿಂದಿಗೆಯನ್ನು ಬೋರಲು ಹಾಕಿದರು. ಜಗಲಿಯ ಕುರ್ಚಿಯಲ್ಲಿ ಮಾದಣ್ಣ ನೋಡುತ್ತಿದ್ದರು. ಅವರ ಕಣ್ಣಿನಿಂದ ನೀರಿಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ನಾನು ಸ್ವಿಚ್ಚು ಒತ್ತಿದೆ. ಸಂಜೆಯ ಹೊತ್ತಿಗೆ ಕೊಳ ಮೂಕವಾಯಿತು. ಅಂಥ ಇನ್ನೊಬ್ಬ ಹೆಂಗಸನ್ನು ನಾನು ನೋಡಿಲ್ಲ.

ನೀರು ಮೂಕವಾದ ಮೇಲೆ ಒಂದು ವಾರ ಏನೂ ಇಲ್ಲ. ಎರಡನೆಯ ವಾರ ತಣ್ಣೀರಿಗೆ ಮೈ ಒಡ್ಡಿದಾಗ ಮಾದಣ್ಣ "ಹೂಂ" ಎಂದರಂತೆ. ಆಮೇಲೆ ಮೆಟ್ಟಿಲಿಳಿಸಲು ನನ್ನ ಕೈ ಬೇಕಾಗಲಿಲ್ಲ, ಅವರೇ ಕಂಬಿ ಹಿಡಿದು ಇಳಿಯುತ್ತಾರೆ ಎಂದು ಹೇಳಿಕಳಿಸಿದರು. ಬೇರೆ ಕೆಲಸಗಳಿದ್ದವು, ನಾನೂ ಆ ಕಡೆ ಹೋಗಲಿಲ್ಲ. ಎರಡು ತಿಂಗಳು ಕಳೆದ ಮೇಲೆ ಬಿಳಿ ಪುಡಿಯ ಹೊಸ ಚೀಲ ಕೊಡಲು ಹೋದೆ.

ಬೆಳಗಿನ ಬಿಸಿಲು ಆಗಷ್ಟೇ ಹಿತ್ತಲಿಗೆ ಬಿದ್ದಿತ್ತು. ಮಾದಣ್ಣ ಎದೆಮಟ್ಟದ ನೀರಿನಲ್ಲಿ ಒಬ್ಬರೇ ನಿಂತಿದ್ದರು, ಎರಡು ಕೈಯೂ ಕಂಬಿಯ ಮೇಲೆ. ದೇವೀರಮ್ಮ ಪಂಪಿನ ಹತ್ತಿರ ಮಗ್ಗಿನಲ್ಲಿ ಪುಡಿ ಕಲೆಸುತ್ತಿದ್ದರು, ಮೊಣಕೈಯವರೆಗೂ ಬೆಳ್ಳಗಾಗಿತ್ತು. ಅವತ್ತಿನ ಪಂಪು ಇನ್ನೂ ಹಾಕಿರಲಿಲ್ಲ. ಅಭ್ಯಾಸಬಲ, ದಂಡೆಯಲ್ಲಿ ಮಲಗಿ ನಾನು ನೀರಿಗೆ ಕಿವಿ ಕೊಟ್ಟೆ. ಮೊದಲು ಏನೂ ಇಲ್ಲ. ಆಮೇಲೆ ಎಲ್ಲೋ ತಳದಿಂದ ಒಂದು ದನಿ, ಬಾವಿಗೆ ಬಿದ್ದವನು ಕೈಗೆ ಸಿಕ್ಕಿದ್ದನ್ನು ಹಿಡಿದು ಹಿಡಿದು ಮೇಲೆ ಬರುವ ಹಾಗೆ: "ಬಿ... ಬಿರ್... ಬಾ."

ಗಡಬಡಿಸಿ ಎದ್ದೆ. ಮೂಗಿಗೆಲ್ಲ ನೀರು ಹೋಗಿತ್ತು. "ಅಕ್ಕಾ! ಇವತ್ತು ಪಂಪು ಹಾಕ್ಬೇಡಿ! ಮಾದಣ್ಣ ಮಾತಾಡವ್ರೆ!"

"ನಿನ್ನೆ ಸಂಜೆ ಅಂದ್ರು," ಎಂದರು ದೇವೀರಮ್ಮ, ಪುಡಿ ಕಲೆಸುವುದನ್ನು ನಿಲ್ಲಿಸದೆ. "ನಾನು ಇಲ್ಲೇ ಇದ್ದೆ. ಬಾಯಿಂದ ಬಂದಿದ್ದನ್ನೇ ಕೇಳ್ದೆ, ನೀರಲ್ಲಿ ಕೇಳೋ ಅಗತ್ಯ ಬೀಳ್ಲಿಲ್ಲ." ಆ ಮುಖದಲ್ಲಿದ್ದ ಹೆಮ್ಮೆಯನ್ನು ನಾನು ಸಾಯುವವರೆಗೂ ಮರೆಯಲಾರೆ.

"ಹಂಗಂತ ಅಳಿಸೋದಾ? ಮೊದಲನೇ ಮಾತು ಕಣಕ್ಕ! ಒಂದು ಬಾಟ್ಲಿನಾದ್ರೂ ತುಂಬಿ ಇಟ್ಕಳಿ. ನನ್ ತಾವ ಖಾಲಿ ಬಾಟ್ಲಿ ಅದೆ, ತರ್ತೀನಿ ತಡೀರಿ."

ನಾನು ಬೈಸಿಕಲ್ಲಿನ ಕಡೆ ಓಡುವಷ್ಟರಲ್ಲಿ ಹಿಂದಿನಿಂದ ನೀರು ಬಡಿದ ಸದ್ದಾಯಿತು. ತಿರುಗಿ ನೋಡಿದೆ. ಮಾದಣ್ಣ ಎಡಗೈಯಿಂದ ನೀರಿಗೆ ಫಟ್ ಫಟ್ ಎಂದು ಹೊಡೆಯುತ್ತಿದ್ದರು. ಮುಖ ಕೆಂಪಾಗಿತ್ತು, ಕುತ್ತಿಗೆಯ ನರ ಉಬ್ಬಿತ್ತು. ಬಾಯಿ ಒಂದು ಕಡೆಗೆ ಸೊಟ್ಟಗೆ ಎಳೆಯುತ್ತಿದ್ದರೂ ಬಿಡದೆ, ಹೆಂಡತಿಯನ್ನೇ ನೋಡುತ್ತ, ಒಂದೊಂದೇ ಅಕ್ಷರವನ್ನು ಹೊರಕ್ಕೆ ದೂಡಿದರು.

"ಬಾ... ರಮ್ಮಿ. ಬ... ಬಸ್ಸು. ಹೊಂ... ಹೊಂಟೋ..."

ಮುಗಿಸಲು ಆಗಲಿಲ್ಲ. ದೇವೀರಮ್ಮ ಸೆರಗಿಗೆ ಕೈ ಒರೆಸಿಕೊಂಡರು, ಎಂದಿನಂತೆ ಒಂಚೂರೂ ಅವಸರವಿಲ್ಲದೆ. ಸ್ವಿಚ್ಚು ಒತ್ತಿದರು. ಪಂಪು ಗುರ್ರೆಂದು ನಿನ್ನೆಯದನ್ನೂ ಈಗಿನದನ್ನೂ ಒಳಗೆಳೆದುಕೊಳ್ಳತೊಡಗಿತು. ಅವರು ಸೀರೆ ಎತ್ತಿ ಸಿಕ್ಕಿಸಿ, ಗಂಡನ ಕಾಲಿನ ಅಳತೆಗೆ ಕಟ್ಟಿಸಿದ ಆ ಕುಳ್ಳ ಮೆಟ್ಟಿಲುಗಳನ್ನು ಒಂದೊಂದಾಗಿ ಇಳಿದರು.

"ಹೋಗ್ಲಿ ಬುಡಿ," ಎಂದರು. "ಇನ್ನೊಂದು ಬತ್ತದೆ."